ಮಾಲಕರು ಒಪ್ಪೂದಿಲ್ಲ

ಹಾಸಿಗೆಯ ಸುರುಳಿ ಬಗಲಲ್ಲಿಟ್ಟುಕೊಂಡು ಮಮದಾಪುರದ ಅಮರಪ್ಪ ಮಾವ ಹೊಸ್ತಿಲು ದಾಟುತ್ತಿದ್ದಂತೆ ಗೊಲ್ಲಾಳಪ್ಪನ ಬಾಯಿಂದ ಹಳೇ ಮಾತು ತಾನಾಗಿ ಹೊರಬಿತ್ತು. "ಮಾವಾ, ವಸ್ತಿ ಇರಾಕ ಮಾಲಕರು ಒಪ್ಪೂದಿಲ್ಲರಿ."

ಮಾವ ಗೋಡೆಯ ಹೊಸ ಸುಣ್ಣ ನೋಡಿದರು, ಅಳಿಯನ ಮುಖ ನೋಡಿದರು. "ಮನಿ ಕಟ್ಟಿಸಿದಾಂವ ನೀನ, ಮಾಲಕನೂ ನೀನ. ಮತ್ಯಾರು ಒಪ್ಪೂದಿಲ್ಲ?" ಎನ್ನುತ್ತ ಹಾಸಿಗೆ ಬಿಚ್ಚಿದರು. ಕೋರ್ಟಿನ ಕೆಲಸ ಮುಗಿಯುವವರೆಗೂ ಇಲ್ಲೇ ಇರುವುದಾಗಿ ಹೇಳಿದರು. ಅದು ಯಾವಾಗ ಮುಗಿಯುತ್ತದೆಂದು ಕೇಳುವ ಧೈರ್ಯ ಅಳಿಯನಿಗೆ ಬರಲಿಲ್ಲ.

ಗೊಲ್ಲಾಳಪ್ಪ ವಿಜಾಪುರದ ಒಂದು ಅರಳೆ ಗಿರಣಿಯಲ್ಲಿ ತೂಕದವನು. ಮಣ, ಸೇರು ಹೋಗಿ ಕಿಲೋ ಬಂದಾಗಲೂ ಲೆಕ್ಕ ತಪ್ಪದವನು. ಇಟ್ಟಂಗಿಹಾಳದ ದಾರಿಯಲ್ಲಿ ಈ ಎರಡು ಕೋಣೆ ಎಬ್ಬಿಸುವಾಗಲೂ ಕಲ್ಲು, ಸುಣ್ಣ, ಜಂತಿ, ಬಡಿಗನ ಕೂಲಿ, ಮನೆಪಟ್ಟಿಯ ಕಂದಾಯ, ಮಳೆಗಿಂತ ಮೊದಲು ಮಾಳಿಗೆಗೆ ಹಾಕಿಸಬೇಕಾದ ಮಣ್ಣು, ಎಲ್ಲವನ್ನೂ ಎಣಿಸಿಯೇ ಕೈ ಹಾಕಿದ್ದ. ನೆಂಟರನ್ನು ಎಣಿಸಿರಲಿಲ್ಲ. ದವಾಖಾನೆಗೆ ಬಂದವರು, ಸಂತೆಗೆ ಬಂದವರು, ಕನ್ಯೆ ನೋಡಲು ಬಂದವರು, ಎಲ್ಲರಿಗೂ ಈಗ ಇವನದೇ ಮನೆ. ಬಾಡಿಗೆಗೆ ಇದ್ದಾಗ ಮಾಲಕ ಬಸಲಿಂಗಯ್ಯನವರ ಹೆಸರು ಹೇಳಿದರೆ ಸಾಕಾಗಿತ್ತು, ಬಂದವರು ಸಂಜೆಯ ಬಸ್ಸಿಗೆ ಹೊರಟುಬಿಡುತ್ತಿದ್ದರು. ಬಸಲಿಂಗಯ್ಯನವರನ್ನು ಇವನು ಒಮ್ಮೆಯೂ ಕೇಳಿರಲಿಲ್ಲ, ಆ ಮಾತು ಬೇರೆ.

ಒಳಗೆ ಹೆಂಡತಿ ರೇಣುಕವ್ವ ಖಾಲಿ ಜೋಳದ ಚೀಲ ಝಾಡಿಸಿ ತೋರಿಸಿದಳು. ಜೋಳ ತರಬೇಕೆಂದರೆ ಮಾಳಿಗೆಯ ಮಣ್ಣಿಗೆಂದು ಇಟ್ಟ ರೊಕ್ಕವನ್ನೇ ಮುಟ್ಟಬೇಕು.

"ಮಣ್ಣ ಹಾಕಸಲಿಲ್ಲಂದ್ರ ಮಳಿ ನಮ್ಮ ತಲಿ ಮ್ಯಾಲೆ ಬೀಳತೈತಿ. ಬಂದವರಿಗೆ ರೊಟ್ಟಿ ಇಲ್ಲ ಅನ್ನಾಕ ನನಗ ಬಾಯಿ ಬರೂದಿಲ್ಲ. ಏನ್ ಮಾಡೂಣು?"

ಹೊಟ್ಟೆ ಬಟ್ಟೆ ಕಟ್ಟಿ ಕಟ್ಟಿಸಿದ ಮನೆ, ಮೊದಲ ಮಳೆಗೇ ಸೋರಿದರೆ ಹೇಗೆ? ಮಾವನಿಗೆ "ಹೋಗಿ" ಎನ್ನುವುದಾದರೂ ಹೇಗೆ? ಗೊಲ್ಲಾಳಪ್ಪ ಚಪ್ಪಲಿ ಮೆಟ್ಟಿ ಸೀದಾ ಬಸಲಿಂಗಯ್ಯನವರ ಮನೆಗೆ ನಡೆದ. ಅವರು ಒಮ್ಮೆ ಬಂದು ಮಾವನೆದುರು ತನ್ನನ್ನು ಗದರಿಸಿದರೆ, ಜಾಗ ಇನ್ನೂ ಅವರದೇ ಎಂದು ಮಾವ ನಂಬಿಯಾರು. ಅರ್ಧ ದಾರಿಯಲ್ಲಿ ಇದು ಹುಚ್ಚುತನವೆನ್ನಿಸಿತು. ಬೇರೇನೂ ಹೊಳೆಯದೆ ಮುಂದೆ ನಡೆದ.

ಬಸಲಿಂಗಯ್ಯನವರು ಮನೆಯ ಹೊರಗೆ ಕಟ್ಟೆಯ ಮೇಲೆ ಒಬ್ಬರೇ ಕುಳಿತಿದ್ದರು. ಗೊಲ್ಲಾಳಪ್ಪ ತನ್ನ ಫಜೀತಿಯನ್ನೆಲ್ಲ ಹೇಳಿಕೊಂಡ, ಕೇಳದೆ ಅವರ ಹೆಸರು ಬಳಸಿದ್ದಕ್ಕೆ ತಪ್ಪಾಯಿತೆಂದೂ ಹೇಳಿದ. ಮುದುಕರು ಸಿಟ್ಟಾಗಲಿಲ್ಲ. ಇವನು ಬಿಟ್ಟುಹೋದ ಕೋಣೆಯತ್ತ ಕೈ ಮಾಡಿದರು. ಬಾಗಿಲ ಮುಂದೆ ಚಪ್ಪಲಿಗಳ ರಾಶಿ ಬಿದ್ದಿತ್ತು, ಒಳಗೆ ಗದ್ದಲವೋ ಗದ್ದಲ.

"ಬಬಲೇಶ್ವರದ ಬೀಗರು," ಎಂದರು ದನಿ ತಗ್ಗಿಸಿ. "ಕ್ವಾಣ್ಯಾಗ ಬಾಡಿಗಿಯವರು ಅದಾರ, ಜಾಗಾ ಇಲ್ಲ ಅಂತ ಇಷ್ಟ ವರ್ಷ ನಿನ್ನ ಹೆಸರು ಹೇಳಕೋತ ಬಂದಿದ್ದೆ."

ಬಸಲಿಂಗಯ್ಯನವರು ಗೊಲ್ಲಾಳಪ್ಪನ ತೋಳು ಹಿಡಿದುಕೊಂಡರು.

"ಬಾಡಿಗಿ ಬ್ಯಾಡ, ತಮ್ಮಾ. ತಿರುಗಿ ಬರ್ತೀಯೇನು?"