ಪಂಚೆಯ ಬಿಳುಪು

ಬಲಗಣ್ಣಿನ ಪೊರೆ ತೆಗೆಸಿಕೊಂಡು ತಿಂಗಳಾಗಿತ್ತು. ವನಮಾಲಾ ಬೀರು ತೆರೆದು ಬಟ್ಟೆ ಜೋಡಿಸುತ್ತಿದ್ದಳು. ತಳದಲ್ಲಿದ್ದ ಗಂಡನ ಪಂಚೆಯೊಂದು ಕಣ್ಣು ಕುಕ್ಕುವಷ್ಟು ಬೆಳ್ಳಗಿತ್ತು. ಅವಳಿಗೆ ಅನುಮಾನ ಬಂತು. ಮೊದಲು ಬಟ್ಟೆ ಒಗೆಯುತ್ತಿದ್ದ ಚೌಡಮ್ಮ ಸೋಪು ಉಳಿಸಿಕೊಂಡು ಬಿಳಿ ಬಟ್ಟೆಯನ್ನೆಲ್ಲ ಹಳದಿ ಮಾಡುತ್ತಾಳೆಂದು ಹೋದ ವರ್ಷ ಬೀದಿಯವರೆದುರೇ ಬೈದು ಬಿಡಿಸಿದ್ದಳು. ಆಮೇಲೆ ಆ ಬೀದಿಯಲ್ಲಿ ಯಾರೂ ಚೌಡಮ್ಮನಿಗೆ ಬಟ್ಟೆ ಹಾಕಲಿಲ್ಲ. ಈ ಹೊಸಬಳ ಆಟ ಇನ್ನೊಂದು ಥರದ್ದಿರಬೇಕು.

ಗಂಟು ಹೊತ್ತು ಬಂದ ಸಾಕಮ್ಮನನ್ನು ಬಾಗಿಲಲ್ಲೇ ನಿಲ್ಲಿಸಿದಳು.

"ನಿಜ ಹೇಳು, ಬ್ಲೀಚಿಂಗ್ ಪೌಡರ್ ಹಾಕ್ತೀಯ ತಾನೆ? ಬಟ್ಟೆ ಬಾಳುತ್ತಾ?"

"ನೀವು ಕೊಡೋದ್ರಲ್ಲಿ ಸೋಪು ತರೋದೇ ಹೆಚ್ಚು, ಪೌಡರ್ ಎಲ್ಲಿಂದ ತರ್ಲವ್ವ?" ಸಾಕಮ್ಮ ನಕ್ಕಳು.

"ಹಾಗಾದ್ರೆ ಇದೇನು?"

ಒಗೆಯುವವರು ಬಟ್ಟೆಗೆ ತಮ್ಮದೇ ಗುರುತು ಹಾಕುವುದು ರೂಢಿ. ಸಾಕಮ್ಮ ಪಂಚೆಯ ಮೂಲೆ ತಿರುಗಿಸಿ ನೋಡಿದಳು.

"ಮೂರು ಚುಕ್ಕಿ. ಇದು ಚೌಡಕ್ಕ ಒಗ್ದಿರೋದು. ನಾನು ಇದಕ್ಕಿನ್ನೂ ನೀರೇ ತೋರ್ಸಿಲ್ಲ."

ವನಮಾಲಾ ಅಂಗೈಯಿಂದ ಬಲಗಣ್ಣು ಮುಚ್ಚಿಕೊಂಡಳು. ಪೊರೆ ಇನ್ನೂ ಉಳಿದಿದ್ದ ಎಡಗಣ್ಣಿಗೆ ಅದೇ ಪಂಚೆ ಹಳದಿಯಾಗಿ ಕಂಡಿತು.

"ಯಾಕವ್ವ, ಕಣ್ಣು ಉರಿತೈತಾ?"

"ಏನಿಲ್ಲ. ಗಂಟು ಅಲ್ಲಿಡು."

ಸಂಜೆ ಬೀದಿಯವರೆಲ್ಲ ಬಾಗಿಲಲ್ಲಿ ಕೂತಿರುವ ಹೊತ್ತು ನೋಡಿಕೊಂಡೇ ಚೌಡಮ್ಮನನ್ನು ಕೈಹಿಡಿದು ಕರೆತರಬೇಕೆಂದು ಅವಳು ಮನಸ್ಸಿನಲ್ಲೇ ಗೊತ್ತುಮಾಡಿಕೊಂಡಳು.