ತೆಗೆಯುವ ಮೊದಲು

ಹೊಸ ಸಾಫ್ಟ್‌ವೇರ್ ಪ್ಯಾಕೇಜ್ ಹಾಕಬೇಕಾದರೆ ಹಳೆಯದನ್ನು ತೆಗೆಯಲೇಬೇಕೆಂದು ಆಫೀಸಿನ ಕಂಪ್ಯೂಟರಿನ ಲಿನಕ್ಸ್ ಹಟ ಹಿಡಿದಿತ್ತು. ಗುರುದೇವಿ ಒಪ್ಪಿದಳು. ತೆಗೆಯುವ ಬದಲು ಪರದೆಯೇ ಒಂದು ಪ್ರಶ್ನೆ ಕೇಳಿತು, ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ರಾಯಚೂರು ಕನ್ನಡದಲ್ಲಿ: "ಹುಲಗೇಶನ್ನ ಕೇಳೀರೇನ್ರಿ? ಹೌದು ಅಂದ್ರ ವೈ ಒತ್ರಿ."

ಆ ಹಳೆಯ ಪ್ಯಾಕೇಜ್ ಕಟ್ಟಿದವನು ಅವಳ ಪಕ್ಕದಲ್ಲೇ ಕೂರುತ್ತಿದ್ದ ಹುಲಗೇಶ. ತನ್ನ ಕೆಲಸವನ್ನು ಯಾರೂ ಹೇಳದೆ ಕೇಳದೆ ಅಳಿಸಬಾರದೆಂದು ಅದರೊಳಗೆ ಇಟ್ಟಿದ್ದ ತಮಾಷೆ ಇದು. ಗಚ್ಚಿಬೌಲಿ ರಸ್ತೆಯಲ್ಲಿ ಕ್ಯಾಬ್ ಉರುಳಿ ಅವನು ಸತ್ತು ಇಂದಿಗೆ ಹನ್ನೊಂದು ದಿನ.

"ವೈ ಒತ್ತಿ ಮುಗಿಸಿ ಗುರುದೇವಿ, ಕ್ಲೈಂಟ್ ಕಾಯ್ತಿದ್ದಾರೆ," ಎಂದು ಬೆನ್ನ ಹಿಂದೆ ನಿಂತಿದ್ದ ತಂಡದ ಮುಖ್ಯಸ್ಥ ಗೋಪಿನಾಥ ಅವಸರಪಡಿಸಿದ.

ಅವಳ ಬೆರಳು ಕೀಲಿಯ ಮೇಲೆಯೇ ನಿಂತಿತು. ಸುಳ್ಳು ಒತ್ತಲಾಗಲಿಲ್ಲ. ಪಕ್ಕದ ಖಾಲಿ ಕುರ್ಚಿಯತ್ತ ತಿರುಗಿ ಮೆಲ್ಲಗೆ ಕೇಳಿದಳು: "ಹುಲಗೇಶ, ತೆಗೀಲೇನೋ?"

ಗೋಪಿನಾಥನೂ ಉತ್ತರಕ್ಕೆ ಕಾದ.