ಗುರುವಾರದ ಸೂಜಿ

ಔರಾದ ನಿಲ್ದಾಣದಲ್ಲಿ ಬೀದರ ಬಸ್ಸು ಹೊರಡುವ ಹೊತ್ತಾಗಿತ್ತು. ಗೋರಖನಾಥ ಗುರುಜಿ ಇನ್ನೂ ಮನೆಯ ಕಟ್ಟೆ ಬಿಟ್ಟು ಎದ್ದಿರಲಿಲ್ಲ. ಕುರಿ ಕಾಯುವ ಹಣಮಂತಪ್ಪ ಮಗಳು ಮನಿಷಾಳ ಕೈ ಹಿಡಿದು ಎದುರಿಗೆ ನಿಂತಿದ್ದ.

"ಇವತ್ತು ನೀವ ಹೋಗಿ ಬರ್ರಿ. ಮೊಣಕಾಲು ನೋಯ್ತಾವ. ಮೂರು ವರ್ಷ ಆತು, ಆಸ್ಪತ್ರಿ ದಾರಿ ಇನ್ನೇನು ತೋರಸಲಿ?" ಎಂದರು ಗುರುಜಿ.

"ನೀವು ಬರಲಿಲ್ಲಂದ್ರ ಸೂಜಿ ತಪ್ಪತದರಿ."

ಒಂದು ಗುರುವಾರ ತಪ್ಪಿದರೂ ರಕ್ತ ಮತ್ತೆ ಇಳಿಯುತ್ತದೆ ಎಂದು ಡಾಕ್ಟರು ಹೇಳಿದ್ದರು. ಆ ಮಾತು ಹಣಮಂತಪ್ಪನ ಎದೆಯಲ್ಲಿ ಮುಳ್ಳಾಗಿ ಕೂತಿತ್ತು.

ದೊಡ್ಡ ಕಾಯಿಲೆ ಬಿದ್ದ ಮಕ್ಕಳ ಮನೆಯವರ ಬೆನ್ನಿಗೆ ನಿಲ್ಲುವುದೇ ಈ ನಿವೃತ್ತ ಮಾಸ್ತರರ ಪೂಜೆ. ಮನಿಷಾಳಿಗೆ ರಕ್ತದ ಕ್ಯಾನ್ಸರ್ ಎಂದಾಗ ಚೀಟಿ ಓದಿ ಹೇಳಿದವರು, ಅವಳ ತಾಯಿ ಸುಂದರಬಾಯಿಗೆ ಗದರಿಸಿ ಎರಡು ತುತ್ತು ಉಣಿಸಿದವರು ಅವರೇ. ಹುಡುಗಿ ಸೂಜಿ ಕಂಡರೆ ಮಂಚದ ಕೆಳಗೆ ತೂರುತ್ತಿದ್ದಳು. ಗುರುಜಿ ಒಂದು ದಾರಿ ಹುಡುಕಿದರು: ಮೊದಲು ತಮ್ಮ ತೋಳು, ಆಮೇಲೆ ಅವಳದು. ದಿನಾ ಬುದ್ಧನ ಮುಂದೆ ಪಂಚಶೀಲ ಹೇಳುವ ಮನುಷ್ಯ, ಖಾಲಿ ಸೂಜಿಯ ನಾಟಕ ಒಪ್ಪಲಿಲ್ಲ. ತಮ್ಮ ಕಾಯಿಲೆಗೆಂದು ಡಾಕ್ಟರು ಹಿಂದೆ ಬರೆದಿದ್ದ, ವಯಸ್ಸಾಯಿತು ಯಾಕೆ ಬೇಕೆಂದು ತಾವು ಒಲ್ಲೆನೆಂದಿದ್ದ ಸೂಜಿಯನ್ನೇ ಹಾಕಿಸಿಕೊಂಡರು.

"ಮುತ್ಯಾ, ನೀವು ಬರಲಿಲ್ಲಂದ್ರ ನಾ ತೋಳ ಕೊಡಂಗಿಲ್ಲ," ಎಂದಳು ಮನಿಷಾ, ಜಡೆಯ ತುದಿ ತಿರುವುತ್ತ.

"ಅಂಜುಬುರುಕಿ. ಕುರಿ ಸೈತ ಇಷ್ಟು ಅಂಜಂಗಿಲ್ಲ."

"ಕುರಿಗೆ ಯಾರೂ ಒಂದಿನ ಮೊದಲ ಹೇಳಂಗಿಲ್ರಿ."

ಗುರುಜಿ ನಕ್ಕರು. ನಕ್ಕವರು ಎದ್ದರು. ಹಣಮಂತಪ್ಪ ಒಳಗೊಳಗೇ ಮೈಲಾರ ಮಲ್ಲಣ್ಣನಿಗೆ ಕೈಮುಗಿದ.

ಬಸ್ಸು ಜನವಾಡ ದಾಟುವಾಗ ಅವನ ಫೋನು ರಿಂಗಾಯಿತು. ಭಾಲ್ಕಿಗೆ ಕೊಟ್ಟ ಗುರುಜಿಯ ಮಗಳು ಕರುಣಾ.

"ಹೊಂಟೀರೇನಣ್ಣ?"

"ಹೊಂಟೇವವ್ವ."

ಗುರುವಾರ ಬಂದರೆ ಅವಳದು ಇದೊಂದೇ ಪ್ರಶ್ನೆ.

"ನೋಡ್ರಿ, ನನ್ನ ಮಗಳಿಗೂ ನಿಮ್ಮ ಮನಿಷಾಂದ ಚಿಂತಿ," ಎಂದರು ಗುರುಜಿ ಹೆಮ್ಮೆಯಿಂದ. "ಬೆನ್ನಿಗೆ ಒಬ್ಬರು ಇರಬೇಕು ಹಣಮಂತಪ್ಪ. ಇಲ್ಲಂದ್ರ ಮಂದಿ ಔಷಧ ನಡುವ ಬಿಟ್ಟಬಿಡ್ತಾರ."

"ಖರೇ ಅದರಿ," ಎಂದು ಹಣಮಂತಪ್ಪ ಕಿಟಕಿಯ ಕಡೆ ಮುಖ ತಿರುಗಿಸಿದ.

ಆಸ್ಪತ್ರೆಯಲ್ಲಿ ಗುರುಜಿ ಎಂದಿನಂತೆ ಅಂಗಿಯ ತೋಳು ಮಡಿಚಿ ಮೊದಲು ಕೂತರು. ಸೂಜಿ ಇಳಿಯುವಾಗ ಮನಿಷಾಳ ಕಡೆ ನೋಡಿ ಕಣ್ಣು ಮಿಟುಕಿಸಿದರು. "ಇಷ್ಟ ನೋಡವ್ವ. ಇರುವಿ ಕಡದಂಗ."

ನರ್ಸಮ್ಮ ತಂದೆ ಮಗಳನ್ನು ಒಳಗೆ ಕರೆದು ಪರದೆ ಎಳೆದಳು. ಮನಿಷಾಳ ತೋಳಿಗೆ ಒಂದು ಹತ್ತಿಯ ತುಂಡು ಅಂಟಿಸಿ, ಕಿವಿಯ ಹತ್ತಿರ ಬಾಗಿದಳು.

"ಹ್ವಾದ ವಾರ ಭಾಳ ಜೋರು ಅತ್ತಿ, ಅವರು ಒಳಗ ಬರೂದೊಂದ ಬಾಕಿ ಇತ್ತು. ಇವತ್ತು ಸಣ್ಣಗ ಅಳು."

ಮನಿಷಾ ಸಣ್ಣಗೆ ಅತ್ತಳು. "ಆತು ಮಗಾ, ಮುಗೀತು," ಎಂದು ಹೊರಗಿನಿಂದ ಗುರುಜಿ ಸಮಾಧಾನ ಹೇಳುತ್ತಿದ್ದರು.

ಅವಳ ಚಿಕಿತ್ಸೆ ಯುಗಾದಿಗೇ ಮುಗಿದಿತ್ತು. ಮೇಜಿನ ಮೇಲಿನ ಗುರುವಾರದ ಚೀಟಿಯಲ್ಲಿ ಗೋರಖನಾಥರ ಹೆಸರೊಂದೇ ಇತ್ತು.